ಜೆರಾಕ್ಸ್ ಅಂಗಡಿಯಿಂದ ವಾಟ್ಸಾಪ್‌ವರೆಗೆ: ವಿದ್ಯಾರ್ಥಿಗಳು ತಮ್ಮ ಮಾಹಿತಿಯನ್ನು ಕಾಯ್ದುಕೊಳ್ಳುವ ಕ್ರಮ

ದ್ವಿತೀಯ ಪಿಯುಸಿ ತರಗತಿಗಳು ಶುರುವಾದ ಹೊಸತರಲ್ಲಿ ಒಂದು ಸಂಜೆ ಕೊಪ್ಪಳದ ಬಸ್ ನಿಲ್ದಾಣದ ಬಳಿ ನಾನು ಮತ್ತು ನನ್ನ ಗೆಳತಿ ಮಿರ್ಚಿ ಕೊಂಡೆವು. ಮಿರ್ಚಿ ಕಟ್ಟಿಕೊಟ್ಟ ಕಾಗದದ ಮೇಲೆ ಎಣ್ಣೆ ಹರಡುತ್ತಾ ಹೋದಂತೆ ಅದರ ಒಳಮೈಯ ಅಕ್ಷರಗಳು ಹೊರಗೆ ತೋರತೊಡಗಿದವು. ಬಿಡಿಸಿ ನೋಡಿದರೆ ಅದು ಯಾರದೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಪ್ರತಿಯಾಗಿತ್ತು. ಒಂದು ಬದಿ ಸ್ವಲ್ಪ ವಾರೆಯಾಗಿ ಅಚ್ಚಾಗಿದ್ದುದರಿಂದ ಅಂಗಡಿಯವರು ಅದನ್ನು ರದ್ದಿಗೆ ಹಾಕಿರಬೇಕು. ವಿದ್ಯಾರ್ಥಿನಿಯ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ ಎಲ್ಲವೂ ಅದರಲ್ಲಿದ್ದವು. ಅಂಚಿನಲ್ಲಿ ಪೆನ್ನಿನಿಂದ ಬರೆದ ಮೊಬೈಲ್ ಸಂಖ್ಯೆಯೂ ಇತ್ತು.

ಮರುವಾರ ಕಂಪ್ಯೂಟರ್ ತರಗತಿಯಲ್ಲಿ ಆನ್‌ಲೈನ್ ಖಾಸಗಿತನದ ಪಾಠ ಬಂದಾಗ ನಾನು ಆ ಕಾಗದದ ಸಂಗತಿ ಹೇಳಿದೆ. ನಮ್ಮ ಮೇಡಂ ಪಾಠವನ್ನು ಅಲ್ಲಿಂದಲೇ ಆರಂಭಿಸಿದರು. ನಮ್ಮ ಯಾವ ಮಾಹಿತಿಯನ್ನು ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನದ ಮಟ್ಟಿಗೆ ಕೊಡಬೇಕೆಂಬುದನ್ನು ನಾವೇ ತೀರ್ಮಾನಿಸುವಂತಿರುವುದೇ ಖಾಸಗಿತನ ಎಂದು ಅವರು ಹೇಳಿದ್ದನ್ನು ಬರೆದುಕೊಂಡೆ. ನಂತರದ ನಾಲ್ಕು ವಾರಗಳಲ್ಲಿ ಕಲಿತದ್ದನ್ನೂ, ಕಲಿತ ಮೇಲೆ ಮನೆಯಲ್ಲಿ ಮತ್ತು ಪೇಟೆಯಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ದೂರದ ಊರಿನ ಕಳ್ಳನೊಬ್ಬ ನಮ್ಮ ಕಂಪ್ಯೂಟರಿಗೆ ನುಗ್ಗುತ್ತಾನೆಂಬ ಭಯಕ್ಕಿಂತ, ಪ್ರತಿದಿನ ನಾವೇ ನಮ್ಮ ಕೈಯಾರೆ ಕೊಟ್ಟುಬರುವ ಮಾಹಿತಿಯ ಕಡೆಗೆ ಗಮನ ಹರಿಸಬೇಕೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಲೇಖನದಲ್ಲಿ ಜೆರಾಕ್ಸ್ ಅಂಗಡಿಗೆ ಹೆಚ್ಚು ಜಾಗ ಸಿಕ್ಕಿದೆ.

ಹೆಜ್ಜೆ 1: ಕೊಟ್ಟ ಮಾಹಿತಿಯ ಲೆಕ್ಕ ಬರೆಯಿರಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಏನನ್ನು ಕೊಟ್ಟೆ, ಯಾರಿಗೆ ಕೊಟ್ಟೆ, ಏಕೆ ಕೊಟ್ಟೆ, ಅದನ್ನು ಬದಲಿಸಲು ಸಾಧ್ಯವೇ ಎಂದು ಕಳೆದ ಒಂದು ವರ್ಷದ್ದನ್ನು ನೆನಪಿಸಿಕೊಂಡು ತುಂಬಿಸಿ. ನಾನು ಮೊದಲು ಐದೇ ಸಾಲು ಬರೆದು ಮುಗಿಯಿತೆಂದುಕೊಂಡಿದ್ದೆ. ಆಮೇಲೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ, ಹಾಸ್ಟೆಲ್ ಅರ್ಜಿ, ಬಸ್ ಪಾಸ್, ಸಿಮ್ ಕೊಂಡಾಗ ಕೊಟ್ಟ ಬೆರಳಚ್ಚು, ಗವಿಮಠದ ಜಾತ್ರೆಯ ಮಳಿಗೆಯೊಂದರಲ್ಲಿ ಅದೃಷ್ಟ ಚೀಟಿಗೆಂದು ಬರೆದುಕೊಟ್ಟ ಹೆಸರು ಮತ್ತು ಮೊಬೈಲ್ ಸಂಖ್ಯೆ, ಫೋಟೋ ಅಂದಗೊಳಿಸುವ ಆಪ್‌ಗೆ ಕೊಟ್ಟ ಸಂಪರ್ಕ ಪಟ್ಟಿ ಎಲ್ಲವೂ ಒಂದೊಂದಾಗಿ ನೆನಪಾಗಿ ಪಟ್ಟಿ ಹದಿನೇಳು ಸಾಲಿಗೆ ಬಂದು ನಿಂತಿತು.

ಇವುಗಳಲ್ಲಿ ನಾಲ್ಕನೆಯ ಕಾಲಂ ಅತ್ಯಂತ ಮುಖ್ಯವಾದುದು. ಪಾಸ್‌ವರ್ಡ್ ಕಳೆದುಹೋದರೆ ಐದು ನಿಮಿಷದಲ್ಲಿ ಹೊಸದನ್ನು ಮಾಡಿಕೊಳ್ಳಬಹುದು. ಮೊಬೈಲ್ ಸಂಖ್ಯೆಯನ್ನು ಬದಲಿಸಬಹುದಾದರೂ ಬ್ಯಾಂಕು, ಕಾಲೇಜು, ನೆಂಟರು ಎಲ್ಲರಿಗೂ ತಿಳಿಸುವ ಕಷ್ಟವಿದೆ. ಹುಟ್ಟಿದ ದಿನಾಂಕ, ತಾಯಿಯ ಹೆಸರು, ಬೆರಳಚ್ಚು ಇವು ಒಮ್ಮೆ ಹೊರಗೆ ಹೋದರೆ ಬದಲಿಸಲು ಬರುವುದಿಲ್ಲ. ಯಾವುದಕ್ಕೆ ಹೆಚ್ಚು ಕಾವಲು ಬೇಕೆಂದು ಈ ಕಾಲಂ ನೋಡಿಯೇ ನಿರ್ಧರಿಸಿ. ಕೇವಲ ಅದೃಷ್ಟ ಚೀಟಿಗಾಗಿ ಹುಟ್ಟಿದ ದಿನಾಂಕ ಕೇಳುವವರಿಗೆ ಅದನ್ನು ಕೊಡಬೇಕಾಗಿಲ್ಲ.

ಹೆಜ್ಜೆ 2: ಜೆರಾಕ್ಸ್ ಅಂಗಡಿಯಲ್ಲಿ ಏನನ್ನೂ ಬಿಟ್ಟು ಬರಬೇಡಿ

ನಮ್ಮ ಭಾಗದ ವಿದ್ಯಾರ್ಥಿಗಳು ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಇವುಗಳ ಜೊತೆಗೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾಗುವ 371(ಜೆ) ಪ್ರಮಾಣಪತ್ರವನ್ನೂ ವರ್ಷದಲ್ಲಿ ಹಲವು ಸಲ ಪ್ರತಿ ಮಾಡಿಸಬೇಕಾಗುತ್ತದೆ. ಮನೆಯಲ್ಲಿ ಪ್ರಿಂಟರ್ ಇರುವುದಿಲ್ಲ. ಅಂಗಡಿಗೆ ಹೋದರೆ ಗದ್ದಲದ ನಡುವೆ "ವಾಟ್ಸಾಪ್ ಮಾಡು ತಂಗಿ" ಎಂದು ಗೋಡೆಯ ಮೇಲಿನ ಸಂಖ್ಯೆಯನ್ನು ತೋರಿಸುತ್ತಾರೆ, ಇಲ್ಲವೇ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮದೇ ವಾಟ್ಸಾಪ್ ವೆಬ್ ತೆರೆಯಲು ಹೇಳುತ್ತಾರೆ. ಎರಡರಲ್ಲಿಯೂ ಕಡತದ ಪ್ರತಿ ಅಲ್ಲಿಯೇ ಉಳಿಯುತ್ತದೆ.

ಒಮ್ಮೆ ಅಕ್ಕನ ಅರ್ಜಿಗಾಗಿ ಅಂತಹ ಒಂದು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದಾಗ ನಮ್ಮ ಕಡತವನ್ನು ಹುಡುಕುವುದೇ ಕಷ್ಟವಾಯಿತು. ಆಧಾರ್, ಆಧಾರ್ ಒಂದು, ಆಧಾರ್ ಎರಡು ಎಂದು ನೂರಾರು ಕಡತಗಳು ಸಾಲಾಗಿದ್ದವು. ಹಿಂದಿನ ವರ್ಷ ಅಕ್ಕ ಕಳುಹಿಸಿದ್ದ ಪಾಸ್‌ಬುಕ್ಕಿನ ಮೊದಲ ಪುಟವೂ ಅವುಗಳ ನಡುವೆ ಇತ್ತು. ಅಂಗಡಿಯವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅಳಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಆದರೆ ಅದೇ ಕುರ್ಚಿಯಲ್ಲಿ ನಮ್ಮ ನಂತರ ಕುಳಿತವರೆಲ್ಲರಿಗೂ ಆ ಫೋಲ್ಡರ್ ತೆರೆದೇ ಇರುತ್ತದೆ.

ಹೀಗೆ ಮಾಡಿ. ಪ್ರಿಂಟ್ ಮಾಡಿಸಬೇಕಾದ ಕಡತವೊಂದನ್ನೇ ಇಟ್ಟುಕೊಂಡಿರುವ ಪೆನ್‌ಡ್ರೈವ್ ಒಯ್ಯಿರಿ. ಅದರಲ್ಲಿ ಮನೆಯ ಫೋಟೋಗಳಾಗಲಿ ಬೇರೆ ದಾಖಲೆಗಳಾಗಲಿ ಇರಬಾರದು. ಕಡತವನ್ನು ಪೆನ್‌ಡ್ರೈವ್‌ನಿಂದಲೇ ತೆರೆದು ಪ್ರಿಂಟ್ ಕೊಡಿಸಿ, ಡೆಸ್ಕ್‌ಟಾಪ್‌ಗೆ ನಕಲು ಮಾಡಲು ಬಿಡಬೇಡಿ. ಅಂಗಡಿಯ ಕಂಪ್ಯೂಟರಿನಿಂದ ವೈರಸ್ ಹತ್ತುವ ಸಾಧ್ಯತೆ ಇರುವುದರಿಂದ ಮರಳಿದ ಮೇಲೆ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ ಫಾರ್ಮ್ಯಾಟ್ ಮಾಡಿ. ಪೆನ್‌ಡ್ರೈವ್ ಇಲ್ಲದೆ ವಾಟ್ಸಾಪ್ ವೆಬ್ ತೆರೆಯಲೇಬೇಕಾಗಿ ಬಂದರೆ, ಕೆಲಸ ಮುಗಿದೊಡನೆ ನಿಮ್ಮ ಫೋನಿನ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಆ ಕಂಪ್ಯೂಟರನ್ನು ಲಾಗ್ ಔಟ್ ಮಾಡಿ. ಬ್ರೌಸರ್ ಕಿಟಕಿಯನ್ನು ಮುಚ್ಚಿದರೆ ಸಾಲದು. ಒಮ್ಮೆ ಜೋಡಿಸಿದ ಕಂಪ್ಯೂಟರಿನಲ್ಲಿ, ನಿಮ್ಮ ಫೋನ್ ಹತ್ತಿರದಲ್ಲಿ ಇಲ್ಲದಿದ್ದರೂ, ನಿಮ್ಮ ಸಂದೇಶಗಳು ಬರುತ್ತಲೇ ಇರುತ್ತವೆ. ಮನೆಗೆ ಬಂದ ಮೇಲೂ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ನಮ್ಮ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ತೆರೆದು ನೋಡಿದಾಗ ಗೆಳೆಯನೊಬ್ಬನ ಫೋನಿಗೆ ಪರಿಚಯವೇ ಇಲ್ಲದ ಕಂಪ್ಯೂಟರೊಂದು ಜೋಡಣೆಯಾಗಿಯೇ ಇತ್ತು.

ಕಡತ ಡೌನ್‌ಲೋಡ್ ಆಗಿದ್ದರೆ ಅದನ್ನು ಆಯ್ಕೆ ಮಾಡಿ ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಬರೀ ಡಿಲೀಟ್ ಒತ್ತಿದರೆ ಅದು ರಿಸೈಕಲ್ ಬಿನ್‌ನಲ್ಲಿ ಕುಳಿತಿರುತ್ತದೆ. ವಾರೆಯಾಗಿ ಬಂದ ಪ್ರತಿ, ಮಸಿ ಸರಿಯಾಗಿ ಹತ್ತದ ಪ್ರತಿ, ಹೆಚ್ಚಾಗಿ ಬಂದ ಪ್ರತಿ ಇವೆಲ್ಲವನ್ನೂ ಕೇಳಿ ತೆಗೆದುಕೊಂಡು ಬನ್ನಿ. ಅವುಗಳ ದುಡ್ಡು ಕೊಡಬೇಕಾಗಿ ಬಂದರೂ ಕೊಡಿ. ಯಂತ್ರದ ಗಾಜಿನ ಮೇಲೆ ಮೂಲ ದಾಖಲೆ ಉಳಿಯಿತೇ ಎಂದು ಮುಚ್ಚಳ ಎತ್ತಿ ನೋಡಿ. ಪ್ರತಿಯನ್ನು ಯಾರಿಗಾದರೂ ಕೊಡುವಾಗ ಅದರ ಮೇಲೆ ಅಡ್ಡಲಾಗಿ, ಅಕ್ಷರಗಳನ್ನು ಹಾಯ್ದು ಹೋಗುವಂತೆ, ‘ವಿದ್ಯಾರ್ಥಿವೇತನದ ಅರ್ಜಿಗೆ ಮಾತ್ರ’ ಎಂದು ದಿನಾಂಕ ಸಹಿತ ಬರೆದು ಸಹಿ ಮಾಡಿ. ಅಂತಹ ಪ್ರತಿಯನ್ನು ಇನ್ನೊಂದು ಕೆಲಸಕ್ಕೆ ಬಳಸುವುದು ಸುಲಭವಲ್ಲ.

ಹೆಜ್ಜೆ 3: ಆಧಾರ್ ಸಂಖ್ಯೆಯ ಎಂಟು ಅಂಕಿಗಳನ್ನು ಮರೆಮಾಡಿ

ಆಧಾರ್‌ನ 12 ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವಂತೆ ಮಾಡಿದ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ನೀಡುವ ಯುಐಡಿಎಐ ಸಂಸ್ಥೆಯೇ ಕೊಡುತ್ತದೆ. ಮೈಆಧಾರ್ ಜಾಲತಾಣಕ್ಕೆ ಲಾಗಿನ್ ಆಗಿ, ಆಧಾರ್ ಡೌನ್‌ಲೋಡ್ ಮಾಡುವ ಪುಟದಲ್ಲಿ ಮಾಸ್ಕ್ಡ್ ಪ್ರತಿ ಬೇಕೇ ಎಂದು ಕೇಳುವ ಚೌಕದಲ್ಲಿ ಗುರುತು ಹಾಕಿದರೆ ಸಾಕು. ಇಳಿಸಿಕೊಂಡ ಕಡತವನ್ನು ತೆರೆಯುವ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಈ ನಿಯಮ ಎಲ್ಲರಿಗೂ ಗೊತ್ತಿರುವುದರಿಂದ, ಪಾಸ್‌ವರ್ಡ್ ಇದೆಯೆಂಬ ಧೈರ್ಯದಿಂದ ಪೂರ್ಣ ಸಂಖ್ಯೆಯ ಕಡತವನ್ನು ಸಿಕ್ಕಸಿಕ್ಕವರಿಗೆ ಕಳುಹಿಸಬಾರದು.

ಕ್ರೀಡಾಕೂಟದ ನೋಂದಣಿ, ವಸತಿಗೃಹದ ಕೋಣೆ, ಖಾಸಗಿ ತರಬೇತಿಯ ಪ್ರವೇಶ ಮುಂತಾದ ಕಡೆ ಗುರುತು ತೋರಿಸಲು ಮಾಸ್ಕ್ಡ್ ಪ್ರತಿಯನ್ನೇ ಮೊದಲು ಮುಂದಿಡಿ. ವಿದ್ಯಾರ್ಥಿವೇತನದಂತಹ ಸರಕಾರಿ ಸೌಲಭ್ಯಕ್ಕೆ ಪೂರ್ಣ ಸಂಖ್ಯೆ ಬೇಕಾದಾಗ ಅದನ್ನು ಸರಕಾರದ ಜಾಲತಾಣದಲ್ಲಿ ನೀವೇ ಟೈಪ್ ಮಾಡಿ. ಚೀಟಿಯಲ್ಲಿ ಬರೆದುಕೊಟ್ಟು ಬರಬೇಡಿ. ಆಗ ಬರುವ ಓಟಿಪಿಯನ್ನೂ ಗಟ್ಟಿಯಾಗಿ ಓದಿ ಹೇಳದೆ ನೀವೇ ಒತ್ತಿ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್ ಜೆರಾಕ್ಸನ್ನು ಕಂಡವರಿಗೆ ಕೊಡಬೇಡಿ, ಸೈಬರ್ ಕೆಫೆಗಳಂತಹ ಸಾರ್ವಜನಿಕ ಕಂಪ್ಯೂಟರಿನಲ್ಲಿ ಆಧಾರ್ ಇಳಿಸಿದರೆ ಆ ಪ್ರತಿಗಳನ್ನು ಪೂರ್ತಿಯಾಗಿ ಅಳಿಸಿ ಎಂದು ಸೂಚಿಸಿತ್ತು. ಜನರು ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂದು ಕೇಂದ್ರ ಸರಕಾರ ಎರಡೇ ದಿನದಲ್ಲಿ ಆ ಸೂಚನೆಯನ್ನು ಹಿಂಪಡೆದು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕೆಂದಿತು. ಸೂಚನೆ ಹಿಂದಕ್ಕೆ ಹೋದರೂ, ಅಂಗಡಿಯ ಆ ಫೋಲ್ಡರನ್ನು ಕಣ್ಣಾರೆ ಕಂಡ ನನಗೆ ಅದರಲ್ಲಿದ್ದ ಸಲಹೆ ಸರಿಯೆಂದೇ ತೋರುತ್ತದೆ.

ಬೆರಳಚ್ಚನ್ನು ದುರುಪಯೋಗ ಮಾಡದಂತೆ ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಬಹುದು. ರೇಷನ್ ತರಲು ಹೆಬ್ಬೆಟ್ಟು ಒತ್ತಬೇಕಾದ ದಿನ ಅದನ್ನು ತೆರೆಯುವುದು ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕು. ಇಲ್ಲವಾದರೆ ಅವ್ವ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳಬೇಕಾದೀತು.

ಹೆಜ್ಜೆ 4: ಫೋನಿನ ಆಪ್‌ಗಳಿಗೆ ಕೊಟ್ಟ ಅನುಮತಿಗಳನ್ನು ಪರಿಶೀಲಿಸಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ವಿಭಾಗಕ್ಕೆ ಹೋದರೆ ‘ಪರ್ಮಿಷನ್ ಮ್ಯಾನೇಜರ್’ ಸಿಗುತ್ತದೆ. ಅಲ್ಲಿ ಲೊಕೇಶನ್, ಸಂಪರ್ಕ ಪಟ್ಟಿ, ಮೈಕ್, ಕ್ಯಾಮೆರಾ ಎಂದು ಒಂದೊಂದನ್ನೂ ತೆರೆದು ಯಾವ ಆಪ್‌ಗೆ ಅನುಮತಿ ಇದೆ ಎಂದು ನೋಡಿ. ಪ್ರತಿ ಆಪ್ ಎದುರಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಅನುಮತಿ ಇಲ್ಲದೆ ಇದರ ಕೆಲಸ ನಡೆಯುವುದಿಲ್ಲವೇ? ನಕ್ಷೆಯ ಆಪ್‌ಗೆ ಲೊಕೇಶನ್ ಬೇಕು, ಅದನ್ನು ‘ಬಳಸುವಾಗ ಮಾತ್ರ’ ಎಂದಿಡಿ. ಟಾರ್ಚ್ ಆಪ್‌ಗೆ ಸಂಪರ್ಕ ಪಟ್ಟಿಯಿಂದ ಆಗಬೇಕಾದ್ದು ಏನೂ ಇಲ್ಲ, ತೆಗೆದುಹಾಕಿ. ಹವಾಮಾನ ತಿಳಿಸುವ ಆಪ್‌ಗೆ ನಮ್ಮ ಓಣಿ ಯಾವುದೆಂದು ಗೊತ್ತಾಗಬೇಕಿಲ್ಲ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿ ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆಯಿದೆ.

ದಿಢೀರ್ ಸಾಲ ಕೊಡುವ ಆಪ್‌ಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಸಂಪರ್ಕ ಪಟ್ಟಿ ಮತ್ತು ಫೋಟೋಗಳನ್ನು ಎತ್ತಿಕೊಂಡು, ಸಾಲಗಾರನ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ದುಷ್ಟ ಆಪ್‌ಗಳು ಎಷ್ಟೋ ಕುಟುಂಬಗಳನ್ನು ಕಂಗೆಡಿಸಿವೆ. ಸಾಲದ ಆಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋ ಮತ್ತು ಕಡತಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿಯೇ ನಿಯಮ ಮಾಡಿದೆ. ಆದ್ದರಿಂದ ಸಾಲದ ಆಪ್ ಒಂದು ನಿಮ್ಮ ಸಂಪರ್ಕ ಪಟ್ಟಿ ಕೇಳಿತೆಂದರೆ ಅದು ನಿಯಮ ಮೀರುತ್ತಿದೆಯೆಂದು ತಿಳಿದು ಅಲ್ಲಿಯೇ ಅಳಿಸಿಹಾಕಿ.

ಇನ್ನು ಫೋಟೋ. ಪ್ರಯೋಗಾಲಯದಲ್ಲಿ ಮೇಡಂ ನಮ್ಮ ಫೋನಿನಿಂದ ಒಂದೊಂದು ಚಿತ್ರವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಹಾಕಿಸಿದರು. ಅವ್ವ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕುತ್ತಿದ್ದ ಚಿತ್ರವನ್ನು ನಾನು ಆರಿಸಿಕೊಂಡೆ. ಅದರ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ತೆರೆದು ಕೆಳಗೆ ಸರಿಸಿದಾಗ ಜಿಪಿಎಸ್ ಎಂಬ ಸಾಲುಗಳು ಕಂಡವು. 15 ಡಿಗ್ರಿಯ ಅಕ್ಷಾಂಶ, 76 ಡಿಗ್ರಿಯ ರೇಖಾಂಶ, ಅವುಗಳ ಮುಂದೆ ನಿಮಿಷ ಮತ್ತು ಸೆಕೆಂಡಿನ ಅಂಕಿಗಳು. ಅವನ್ನು ನಕ್ಷೆಯಲ್ಲಿ ಹಾಕಿದೊಡನೆ ಕೆಂಪು ಗುರುತು ಕೊಪ್ಪಳದ ಮೇಲೆ, ನಮ್ಮ ಓಣಿಯ ಮೇಲೆ, ಕೊನೆಗೆ ನಮ್ಮ ಮಾಳಿಗೆಯ ಮೇಲೆಯೇ ಬಂದು ಕೂತಿತು. ಚಿತ್ರದಲ್ಲಿ ಬೀದಿಯ ಹೆಸರಾಗಲಿ ಮನೆ ಸಂಖ್ಯೆಯಾಗಲಿ ಇರಲಿಲ್ಲ. ಆ ದಿನವೇ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳದ ಗುರುತು ಹಾಕುವ ಆಯ್ಕೆಯನ್ನು ಮುಚ್ಚಿದೆ, ನೀವೂ ಮುಚ್ಚಿರಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳುಹಿಸಿದರೆ ಈ ವಿವರ ಅಳಿದುಹೋಗುತ್ತದೆ, ಆದರೆ ಸ್ಪಷ್ಟವಾಗಿರಲೆಂದು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಉಳಿದುಕೊಳ್ಳುತ್ತದೆ.

ಹೆಜ್ಜೆ 5: ಪಾಸ್‌ವರ್ಡ್ ಉದ್ದವಾಗಿರಲಿ, ಒಂದೊಂದು ಖಾತೆಗೆ ಒಂದೊಂದಿರಲಿ

ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಯ ಪಾಸ್‌ವರ್ಡ್ ಹುಟ್ಟಿದ ದಿನಾಂಕ ಅಥವಾ ಮೊಬೈಲ್ ಸಂಖ್ಯೆಯಾಗಿತ್ತು. ಮೇಡಂ ಲೆಕ್ಕ ಹಾಕಿಸಿದರು. ಹದಿನೈದರಿಂದ ಇಪ್ಪತ್ತರ ವಯಸ್ಸಿನ ಒಬ್ಬರ ಹುಟ್ಟಿದ ದಿನಾಂಕವನ್ನು ಊಹಿಸಲು ಆರು ವರ್ಷಗಳ ದಿನಗಳನ್ನು, ಅಂದರೆ ಸುಮಾರು 2,190 ದಿನಗಳನ್ನು ಪ್ರಯತ್ನಿಸಿದರೆ ಮುಗಿಯಿತು. ನಾಲ್ಕು ಅಂಕಿಯ ಪಿನ್‌ಗೆ 10,000 ಸಾಧ್ಯತೆಗಳು, ಆರು ಅಂಕಿಯದಕ್ಕೆ 10 ಲಕ್ಷ. ಇಂಗ್ಲಿಷಿನ ಸಣ್ಣ ಅಕ್ಷರಗಳನ್ನಷ್ಟೇ ಬಳಸಿ ಮನಸ್ಸಿಗೆ ಬಂದಂತೆ ಎಂಟನ್ನು ಜೋಡಿಸಿದರೂ ಸಾಧ್ಯತೆಗಳು 20,000 ಕೋಟಿಯನ್ನು ದಾಟುತ್ತವೆ; ಒಂದೊಂದು ಅಕ್ಷರ ಹೆಚ್ಚಿದಂತೆಯೂ ಅದು 26 ಪಟ್ಟು ಬೆಳೆಯುತ್ತದೆ.

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತೊತ್ತಾಗಿ ಬರೆದರೆ ಉದ್ದವೂ ಆಗುತ್ತದೆ, ನೆನಪಿಗೂ ಬರುತ್ತದೆ. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಬೇಡ, ಅವು ಇತರರಿಗೂ ಗೊತ್ತು. ಎಲ್ಲಕ್ಕಿಂತ ಮೊದಲು ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರೆತಾಗ ಬರುವ ಕೊಂಡಿ ಅಲ್ಲಿಗೇ ಬರುತ್ತದೆ. ಬಳಿಕ ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ. ವಾಟ್ಸಾಪ್‌ನಲ್ಲಿ ಇದು ಆರು ಅಂಕಿಯ ಪಿನ್ ರೂಪದಲ್ಲಿದೆ. ಯಾರಾದರೂ ನಿಮ್ಮಿಂದ ಓಟಿಪಿ ಪಡೆದು ಬೇರೆ ಫೋನಿನಲ್ಲಿ ನಿಮ್ಮ ವಾಟ್ಸಾಪ್ ತೆರೆಯಲು ಹೊರಟರೆ ಈ ಪಿನ್ ಇಲ್ಲದೆ ಮುಂದೆ ಹೋಗಲಾಗದು.

ಇನ್‌ಕಾಗ್ನಿಟೋ ಕಿಟಕಿಯ ಬಗ್ಗೆ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿತ್ತು. ಅದು ಆ ಕಂಪ್ಯೂಟರಿನಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟೇ. ನೀವು ಭೇಟಿ ಕೊಟ್ಟ ಜಾಲತಾಣಕ್ಕೆ, ಇಂಟರ್‌ನೆಟ್ ಕೊಡುವ ಕಂಪನಿಗೆ, ಕಾಲೇಜಿನ ನೆಟ್‌ವರ್ಕ್‌ಗೆ ನಿಮ್ಮ ಓಡಾಟ ಗೊತ್ತಾಗಬಹುದು.

ಹೆಜ್ಜೆ 6: ವಾಟ್ಸಾಪ್, ಇನ್‌ಸ್ಟಾಗ್ರಾಂ ಮತ್ತು ಮನೆಯವರೆಲ್ಲರ ಒಂದೇ ಫೋನ್

ವಾಟ್ಸಾಪ್‌ನ ಪ್ರೈವೆಸಿ ವಿಭಾಗದಲ್ಲಿ ಪ್ರೊಫೈಲ್ ಫೋಟೋ, ಲಾಸ್ಟ್ ಸೀನ್ ಮತ್ತು ಸ್ಟೇಟಸ್ ನಿಮ್ಮ ಸಂಪರ್ಕದಲ್ಲಿರುವವರಿಗೆ ಮಾತ್ರ ಕಾಣುವಂತೆ ಇಡಿ. ಗುಂಪುಗಳಿಗೆ ಸೇರಿಸುವ ಅಧಿಕಾರವನ್ನೂ ಅವರಿಗಷ್ಟೇ ಕೊಡಿ. ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿ. ಫಲಿತಾಂಶದ ದಿನ ಅಂಕಪಟ್ಟಿಯನ್ನು ಸ್ಟೇಟಸ್‌ಗೆ ಹಾಕುವ ಸಂತೋಷವನ್ನು ನಾನು ಬಲ್ಲೆ, ಹಾಕಿಯೂ ಇದ್ದೇನೆ. ಆದರೆ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರುಗಳನ್ನು ಕತ್ತರಿಸಿ ತೆಗೆದು ಅಂಕಗಳ ಭಾಗವನ್ನಷ್ಟೇ ಹಾಕಿ. ಗೆರೆ ಎಳೆದು ಮುಚ್ಚುವುದಾದರೆ ಪೂರ್ತಿ ಕಪ್ಪು ಚೌಕವನ್ನೇ ಇಡಿ, ಏಕೆಂದರೆ ಹೈಲೈಟರ್ ಬಣ್ಣದ ಗೆರೆಯಾದರೆ ಚಿತ್ರದ ಬೆಳಕನ್ನು ಹೆಚ್ಚಿಸಿದಾಗ ಅಡಿಯ ಅಕ್ಷರ ಕಂಡುಬಿಡುತ್ತದೆ.

ಹುಡುಗಿಯರು ಫೋಟೋ ಹಾಕಲೇಬಾರದು, ಫೋನ್ ಹಿಡಿಯಲೇಬಾರದು ಎಂಬ ಮಾತು ಈ ಪಾಠದ ನಂತರವೂ ಕೆಲವರಿಂದ ಕೇಳಿಬಂತು. ನನಗೆ ಅದು ಒಪ್ಪಿಗೆಯಿಲ್ಲ. ಫೋಟೋ ಕದ್ದವನದು ತಪ್ಪು, ಹಾಕಿದವಳದಲ್ಲ; ಯಾರು ನೋಡಬೇಕೆಂದು ತೀರ್ಮಾನಿಸುವ ಅಧಿಕಾರ ಅವಳಿಗೆ ಸಿಗಲೆಂದೇ ಈ ಸೆಟ್ಟಿಂಗ್ಸ್ ಇರುವುದು.

ನಮ್ಮಲ್ಲಿ ಅನೇಕರ ಮನೆಯಲ್ಲಿ ಅಪ್ಪ, ಅವ್ವ, ಮಕ್ಕಳಿಗೆಲ್ಲ ಸೇರಿ ಒಂದೇ ಸ್ಮಾರ್ಟ್‌ಫೋನ್ ಇರುತ್ತದೆ. ಅಂತಹ ಮನೆಯಲ್ಲಿ ಪೇಮೆಂಟ್ ಆಪ್‌ಗೆ ಪ್ರತ್ಯೇಕ ಲಾಕ್ ಇರಲಿ, ವಾಟ್ಸಾಪ್‌ನಲ್ಲಿ ಬೇಕಾದ ಸಂಭಾಷಣೆಗೆ ಚಾಟ್ ಲಾಕ್ ಹಾಕಿ, ಮತ್ತು ಪರದೆ ಮುಚ್ಚಿರುವಾಗ ಸಂದೇಶದ ಒಳವಿಷಯ ಕಾಣದಂತೆ ನೋಟಿಫಿಕೇಶನ್ ಬದಲಿಸಿ. ಓಟಿಪಿ ಕೂಡ ಆಗ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಗೂಗಲ್ ಖಾತೆಯ ‘ಮೈ ಆಕ್ಟಿವಿಟಿ’ ಪುಟದಲ್ಲಿ 3, 18 ಅಥವಾ 36 ತಿಂಗಳಿಗಿಂತ ಹಳೆಯದಾದ ಹುಡುಕಾಟದ ದಾಖಲೆಯನ್ನು ತಾನಾಗಿಯೇ ಅಳಿಸುವ ಆಯ್ಕೆಯಿದೆ. ಹಂಚಿಕೊಂಡು ಬಳಸುವ ಫೋನಿಗೆ 3 ತಿಂಗಳು ಸೂಕ್ತ.

ಹೆಜ್ಜೆ 7: ಏನಾದರೂ ನಡೆದುಹೋದರೆ

ಖಾಸಗಿತನವು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಅರ್ಜಿಯನ್ನು ಸಲ್ಲಿಸಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ಕೇಳಿದಾಗ ತರಗತಿಯಲ್ಲಿ ನಮಗೆಲ್ಲ ಹೆಮ್ಮೆಯೆನಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ತಡೆಯುತ್ತದೆ, ಕೊಟ್ಟ ಮಾಹಿತಿಯನ್ನು ತಿದ್ದಿಸುವ ಮತ್ತು ಅಳಿಸಿಸುವ ಹಕ್ಕನ್ನೂ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬೇರೆ ದೂರುಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಬಹುದು, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ಮಹಿಳೆಯರು ಮತ್ತು ಮಕ್ಕಳ ಅಶ್ಲೀಲ ಚಿತ್ರಗಳ ಕುರಿತ ದೂರನ್ನು ಹೆಸರು ಹೇಳದೆಯೂ ಪೋರ್ಟಲ್‌ನಲ್ಲಿ ಸಲ್ಲಿಸಲು ಅವಕಾಶವಿದೆ. ಹದಿನೆಂಟು ತುಂಬದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಹೆದರಿಕೆಯಿಂದ ಸಂದೇಶಗಳನ್ನು ಅಳಿಸಿಬಿಡಬೇಡಿ: ಸ್ಕ್ರೀನ್‌ಶಾಟ್, ಖಾತೆಯ ಹೆಸರು, ಪುಟದ ವಿಳಾಸ, ದಿನ ಮತ್ತು ವೇಳೆಯನ್ನು ಉಳಿಸಿಕೊಂಡು, ದೂರಿನ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಂಬಿಕೆಯಿರುವ ಹಿರಿಯರೊಬ್ಬರಿಗೆ ಅದೇ ದಿನ ಹೇಳಿ.

ಹೆಜ್ಜೆ 8: ಅಂಗಡಿಯವರಿಗೂ ತಿಳಿಸಿ

ನಮ್ಮ ಪಾಠ ಮುಗಿದ ಮೇಲೆ ನಾವು ಮೂವರು ಸೇರಿ ಅಕ್ಕನ ಕಡತ ಸಿಕ್ಕಿದ್ದ ಅಂಗಡಿಗೆ ಹೋದೆವು. ಅಂಗಡಿಯ ಕಾಕಾ ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿ, "ದಿನಾ ನೂರು ಮಂದಿ ಬರ್ತಾರ ತಂಗಿ, ಒಂದೊಂದ ಅಳಿಸ್ಕೋತ ಕುಂತ್ರ ಪ್ರಿಂಟ್ ಯಾರು ತಗೀಬೇಕು?" ಎಂದರು. ಅವರ ಮಾತು ನ್ಯಾಯವಾದುದೇ ಆಗಿತ್ತು. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ ‘ಸ್ಟೋರೇಜ್ ಸೆನ್ಸ್’ ಎಂಬ ಆಯ್ಕೆಯಿದೆ. ಅದನ್ನು ಚಾಲೂ ಮಾಡಿ ಪ್ರತಿದಿನ ನಡೆಯುವಂತೆ ಇಟ್ಟರೆ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 1, 14, 30 ಅಥವಾ 60 ದಿನಗಳಿಂದ ತೆರೆಯದೆ ಬಿದ್ದಿರುವ ಕಡತಗಳನ್ನು ಕಂಪ್ಯೂಟರ್ ತಾನಾಗಿಯೇ ಅಳಿಸುತ್ತದೆ. ಅಂಗಡಿಗೆ ಬೇಕಾದ ಅರ್ಜಿ ನಮೂನೆಗಳನ್ನು ಮೊದಲು ಬೇರೊಂದು ಫೋಲ್ಡರಿಗೆ ಸಾಗಿಸಿದೆವು. ಎಷ್ಟು ದಿನಕ್ಕೆ ಇಡಬೇಕೆಂದು ಕೇಳಿದಾಗ ಕಾಕಾ ಸ್ವಲ್ಪ ಯೋಚಿಸಿ, "ಮರುದಿನ ಬಂದು ಇನ್ನೊಂದು ಪ್ರಿಂಟ್ ಕೇಳ್ತಾರ ಕೆಲವರು. ಆಗ್ಲಿ, ಮತ್ತ ಕಳಿಸ್ತಾರ ಬಿಡ್ರಿ. ಒಂದು ದಿನಕ್ಕ ಇಡ್ರಿ" ಎಂದರು.